ಏಳನೆಯ ತುಂಡು

ರಾಮಕುಂಜ
18 ಜೂನ್ 2025

ಮುಹ್ಸಿನಾ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಹದಿನಾಲ್ಕು ತಿಂಗಳಾಯಿತು. ಆದ್ದರಿಂದ ಈ ಕವರನ್ನು ಬೆಳಗಿನ ಎಂಟೂ ಹತ್ತರ ಬಸ್ಸಿನ ಕಂಡಕ್ಟರ್ ಗಿರಿಧರಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ಪುತ್ತೂರು ಸ್ಟ್ಯಾಂಡಿನಿಂದ ನಿನ್ನ ಹೈದರ್ ಮಾಮನ ರಿಪೇರಿ ಅಂಗಡಿಗೆ ಎಷ್ಟು ದೂರ? ಅವರೇ ತಲುಪಿಸುತ್ತಾರಂತೆ. "ಮದ್ದಾ, ಕಾಗದವಾ?" ಎಂದು ಕೇಳಿದರು. ಕಾಗದ ಎಂದೆ. "ಈ ಕಾಲದಲ್ಲಿ ಕಾಗದ ಬರೆಯುದಾ ಮಾರಾಯ್ತಿ! ಯಾರಿಗೆ?" ಎಂದರು. ತಾಂತ್ರಿಕ ವಿಷಯ ಎಂದೆ.

ನಿನ್ನ ಕತೆಯನ್ನು ನನ್ನ ಕರಪತ್ರದಲ್ಲಿ ಹಾಕಿದ್ದಕ್ಕೆ ನಿನಗೆ ಸಿಟ್ಟು. ನಾನು ಹೆಸರು ಹಾಕಿರಲಿಲ್ಲ, ಬರೆದದ್ದು ಹೆಣ್ಣುಮಕ್ಕಳ ಪರವಾಗಿ. ಆ ಚರ್ಚೆ ಬೇರೆ ದಿನ ಮಾಡೋಣ. ಈಗ ಸಮಯವಿಲ್ಲ.

ಸಂಜೆ ಐದೂಮುಕ್ಕಾಲಕ್ಕೆ ಪುತ್ತೂರು ಬಿಟ್ಟು ನಮ್ಮ ಒಳದಾರಿಗೆ ಬರುತ್ತಿದ್ದ ಬಸ್ಸನ್ನು ಮಾಲಕರು ನಿಲ್ಲಿಸಿದ್ದಾರೆ. ಕಾಲೇಜಿನ ಹುಡುಗಿಯರು ಮುಖ್ಯರಸ್ತೆಯಲ್ಲಿ ಇಳಿದು ಐದು ಕಿಲೋಮೀಟರ್ ನಡೆಯುತ್ತಾರೆ. ಮೂವರು ಈಗಾಗಲೇ ಕಾಲೇಜು ಬಿಟ್ಟರು. ನೆರೆಮನೆಯ ಯಶಸ್ವಿಯ ಅಜ್ಜ, "ಜುಲೈ ಕೊನೆವರೆಗೆ ನೋಡ್ತೇನೆ, ಬಸ್ಸು ಬರದಿದ್ರೆ ಟೀಸಿ ತೆಗೆಯುದೇ" ಎಂದಿದ್ದಾರೆ. ಜುಲೈ 25ಕ್ಕೆ ಗ್ರಾಮಸಭೆ. ಬಸ್ಸಿನ ಮಾಲಕರೂ ಬರುತ್ತಾರೆ. ಅವರ ಕಣ್ಣೆದುರು ಹಿಡಿಯಲು ನಾನೊಂದು ಸಾಕ್ಷ್ಯಚಿತ್ರ ತಯಾರಿಸಿದ್ದೇನೆ. ನಲವತ್ತಮೂರು ನಿಮಿಷದ್ದು.

ಕಷ್ಟ ಇಷ್ಟೇ. ಎಲ್ಲವನ್ನೂ ಜೋಡಿಸಿ ಒಂದೇ ಫೈಲು ಮಾಡಲು, ಅಂದರೆ ನೀವು ಹೇಳುವ ರೆಂಡರಿಗೆ, ನನ್ನ ಹಳೆಯ ಕಂಪ್ಯೂಟರು ಆರು ಗಂಟೆ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಈ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಸತತ ಇದ್ದದ್ದಿಲ್ಲ. ಹೋದರೆ ಮತ್ತೆ ಮೊದಲಿನಿಂದ.

ಪುತ್ತೂರು ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಗೆ ಸಿಕ್ಕಿದ 'ಯಂತ್ರ ಯಾರದು?' ಎಂಬ ಕಿರುಹೊತ್ತಗೆಯಿಂದ ನನ್ನ ಕಣ್ಣು ತೆರೆಯಿತು. ಪ್ರೊಸೆಸರಿಗೆ ನಿಜವಾಗಿ ಎಷ್ಟು ವೇಗವಿದೆಯೋ ಅಷ್ಟನ್ನು ಕಂಪನಿ ನಮಗೆ ಕೊಡುವುದಿಲ್ಲ. 33 ಎಂದು ಒಂದು ಅಂಕೆಯ ಬೇಲಿ ಹಾಕಿ ಕಳಿಸುತ್ತದೆ. ನನ್ನದು ಬೀಗ ಹಾಕದ ಜಾತಿಯದ್ದು, ಅಂಕೆಯನ್ನು ನಾವೇ ಏರಿಸಬಹುದು. ಓವರ್‌ಕ್ಲಾಕ್ ಎಂದರೆ ಬಿಡುಗಡೆ! ನಿನ್ನೆ ನಾನು ಬೇಲಿ ಕಿತ್ತು 45 ಎಂದು ಬರೆದೆ.

ಆಗಿನಿಂದ ಪರದೆ ಕಪ್ಪು. ಫ್ಯಾನು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಏನು ಮಾಡಲಿ? ಗೆಳತಿ ಎಂದು ಬೇಡ, ಗಿರಾಕಿ ಎಂದು ಉತ್ತರಿಸು.

ಹೋರಾಟದ ವಂದನೆಗಳೊಂದಿಗೆ,
ಭವಿತಾ


ಪುತ್ತೂರು
20 ಜೂನ್ 2025

ಗಿರಾಕಿಗೆ,

ಯಂತ್ರ ಸತ್ತಿಲ್ಲ, ಹೆದರಿದೆ. ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ತೆಗೆ. ಪೆಟ್ಟಿಗೆಯ ಬದಿಯ ತಗಡು ಬಿಚ್ಚು. ಬೋರ್ಡಿನ ಮೇಲೆ ನಾಣ್ಯದ ಹಾಗಿನ ಒಂದು ಸೆಲ್ಲು ಕಾಣುತ್ತದೆ. ಅದನ್ನು ಕಿತ್ತು ಹತ್ತು ನಿಮಿಷ ಬಿಟ್ಟು ಹಾಕು. ನೀನು ಬರೆದದ್ದೆಲ್ಲ ಮರೆತು 33ಕ್ಕೆ ಬಂದು ನಿಲ್ಲುತ್ತದೆ.

33ರಿಂದ 45ಕ್ಕೆ ಒಂದೇ ಸಲ ಯಾರೂ ಏರಿಸುವುದಿಲ್ಲ. ಒಂದೊಂದೇ ಅಂಕೆ. ಪ್ರತಿಸಲವೂ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಎಷ್ಟು ಡಿಗ್ರಿ ಬಿಸಿಯಾಗುತ್ತದೆ ಎಂದು ಬರೆದಿಡು. ವೋಲ್ಟೇಜನ್ನು ಮುಟ್ಟಬೇಡ.

ಇದೆಲ್ಲ ಯಾಕೆ? ಚಿತ್ರವನ್ನು ಪೆನ್ ಡ್ರೈವಿಗೆ ಹಾಕಿ ಅದೇ ಬಸ್ಸಿನಲ್ಲಿ ಕಳಿಸು. ನಮ್ಮ ಅಂಗಡಿಯ ಕಂಪ್ಯೂಟರಿಗೆ ಒಂದು ಗಂಟೆಯ ಕೆಲಸ. ಇಲ್ಲಿ ಇನ್ವರ್ಟರ್ ಉಂಟು.

ಮುಹ್ಸಿನಾ
ಸರ್ವಿಸ್ ವಿಭಾಗ (ಇಡೀ ವಿಭಾಗ ನಾನೊಬ್ಬಳೇ)


ರಾಮಕುಂಜ
24 ಜೂನ್ 2025

ಮುಹ್ಸಿನಾ,

ಜೀವ ಬಂತು! ಸೆಲ್ಲು ಕೀಳುವಾಗ ಅಪ್ಪ ಪಕ್ಕದಲ್ಲಿ ನಿಂತು, "ಕರೆಂಟಿನ ಸಾಮಾನಿಗೆ ಕೈ ಹಾಕ್ಬೇಡ, ಒಂದೇ ಮಗಳು ನೀನು" ಎನ್ನುತ್ತಿದ್ದರು. ಪ್ಲಗ್ಗನ್ನು ಅವರ ಕೈಯಲ್ಲೇ ಕೊಟ್ಟೆ. ಹತ್ತು ನಿಮಿಷ ಹಿಡಿದುಕೊಂಡೇ ಇದ್ದರು.

ಪೆನ್ ಡ್ರೈವ್ ಕಳಿಸುವುದಿಲ್ಲ. ಇದು ತತ್ತ್ವದ ಪ್ರಶ್ನೆ. ಹಳ್ಳಿಯ ಹೋರಾಟದ ಚಿತ್ರ ಹಳ್ಳಿಯ ಯಂತ್ರದಲ್ಲೇ ಮುಗಿಯಬೇಕು. ಪೇಟೆಯ ಕಡೆಗೆ ಕೈಚಾಚುವ ಅಭ್ಯಾಸ ಎಲ್ಲಿಯಾದರೂ ನಿಲ್ಲಬೇಕಲ್ಲ. ಸ್ವಾವಲಂಬನೆ ಎಂದರೆ ಅದೇ. (ಬೈಯಬೇಡ.)

ನೀನು ಹೇಳಿದ ಹಾಗೆ ಒಂದೊಂದೇ ಏರಿಸಿದೆ. 34, 35, 36 ಸರಿ. 37ರಲ್ಲಿ 91 ಡಿಗ್ರಿ. 38ರಲ್ಲಿ ಹನ್ನೆರಡನೆಯ ನಿಮಿಷಕ್ಕೆ 97 ಆಗಿ ನೀಲಿ ಪರದೆ ಬಂದು ಯಂತ್ರ ನಿಂತಿತು. ಮತ್ತೆ 33ಕ್ಕೆ ಇಳಿಸಿದೆ. ಏನೂ ಕೆಲಸ ಮಾಡದೆ ಸುಮ್ಮನೆ ಕೂತಾಗಲೂ 61 ಡಿಗ್ರಿ ತೋರಿಸುತ್ತಿದೆ. ಇದು ಸಹಜವೇ?

ಯಶಸ್ವಿ ದಿನಾ ಬಂದು, "ಅಕ್ಕ, ಆಯ್ತಾ?" ಎಂದು ಕೇಳುತ್ತಾಳೆ. ಅವಳ ಮುಖ ನೋಡಲು ಆಗುವುದಿಲ್ಲ.

ಆತುರದಲ್ಲಿ,
ಭವಿತಾ


ಪುತ್ತೂರು
28 ಜೂನ್ 2025

ಭವಿತಾ,

ಸಹಜವಲ್ಲ. ಈ ಮಳೆಯಲ್ಲಿ ಸುಮ್ಮನೆ ಕೂತ ಯಂತ್ರ ನಲವತ್ತರ ಆಸುಪಾಸಿನಲ್ಲಿರಬೇಕು. ಇದರ ಜೊತೆ ಬಿಸಿಯನ್ನು ಹೊರಗೆ ದಾಟಿಸುವ ಪೇಸ್ಟಿನ ಒಂದು ಸಣ್ಣ ಟ್ಯೂಬು ಕಳಿಸಿದ್ದೇನೆ. ಫ್ಯಾನು, ಅದರ ಕೆಳಗಿನ ಲೋಹದ ಗಟ್ಟಿ ಎರಡನ್ನೂ ಎತ್ತು. ಪ್ರೊಸೆಸರಿನ ಬೆನ್ನಿಗೆ ಒಣಗಿ ಅಂಟಿದ ಹಳೆಯ ಪೇಸ್ಟನ್ನು ಬಟ್ಟೆಯಲ್ಲಿ ಒರೆಸು. ಹೊಸದನ್ನು ಒಂದು ಕಡಲೆಬೇಳೆಯಷ್ಟು, ನಡುವಿನಲ್ಲಿ ಇಡು. ಕಾವಲಿಗೆ ಎಣ್ಣೆ ಸವರಿದ ಹಾಗೆ ಹಚ್ಚಬೇಡ. ಮೇಲಿನಿಂದ ಗಟ್ಟಿಯನ್ನು ಒತ್ತಿ ಕೂರಿಸಿದರೆ ತಾನಾಗಿ ಹರಡುತ್ತದೆ. ನಾಲ್ಕು ಮೂಲೆಯ ಪಿನ್ನುಗಳೂ ಟಕ್ ಎಂದು ಕೂರಬೇಕು.

ಆಮೇಲೂ ಬಿಸಿ ಇಳಿಯದಿದ್ದರೆ ಪೆಟ್ಟಿಗೆಯ ಒಳಗೆ ಏನೇನಿದೆ ಎಂದು ನೋಡಿ ಬರೆ. ಮುಖ್ಯ ಅಲ್ಲ ಎಂದು ನಿನಗೆ ಅನಿಸಿದ್ದನ್ನೂ ಬರೆ. ಅನಿಸಿದ್ದನ್ನಂತೂ ನೀನು ಬರೆದೇ ಬರೆಯುತ್ತಿ.

ಸ್ವಾವಲಂಬನೆಯವರಿಗೆ ಟ್ಯೂಬಿನ ಬಿಲ್ಲು ಹಾಕಬೇಕಾ ಎಂದು ಹೈದರ್ ಮಾಮ ಕೇಳಿದರು. ಬೇಡ ಎಂದೆ.

ಮುಹ್ಸಿನಾ


ರಾಮಕುಂಜ
2 ಜುಲೈ 2025

ಮುಹ್ಸಿನಾ,

ಪೇಸ್ಟು ಹಚ್ಚಿದೆ. ಕಡಲೆಬೇಳೆಯಷ್ಟೇ. ಅಮ್ಮನನ್ನು ಕರೆದು ಅಳತೆ ತೋರಿಸಿ, ಒಪ್ಪಿಗೆ ಪಡೆದು ಹಚ್ಚಿದೆ. 61 ಇದ್ದದ್ದು 57 ಆಯಿತು, ಅಷ್ಟೇ. ನನ್ನ ಕಡೆಯಿಂದ ಎಲ್ಲ ಸರಿಯಾಗಿದೆ. ಕಂಪನಿಯವರು ಬೇಲಿ ದಾಟುವವರಿಗೆ ಒಳಗೇ ಏನೋ ಶಿಕ್ಷೆ ಇಟ್ಟಿರಬೇಕು ಎಂದು ನನಗೆ ಬಲವಾದ ಸಂಶಯ.

ಒಳಗಿರುವುದನ್ನು ಬರೆ ಎಂದೆಯಲ್ಲ. ಬೋರ್ಡು. ಹಾರ್ಡ್ ಡಿಸ್ಕು. ಎರಡು ಫ್ಯಾನು. ಒಂದು ಹಲ್ಲಿಯ ಬಾಲ, ಹಲ್ಲಿ ಇಲ್ಲ. ಸಣ್ಣ ಇರುವೆಗಳ ಸಾಲು. ಅಪ್ಪ ಹಾಕಿದ ಬಲ್ಬು. ಒಂದು ಸ್ಕ್ರೂ, ಯಾವುದರದ್ದೋ ಗೊತ್ತಿಲ್ಲ. ಇಷ್ಟೇ. ಅಸಹಜವಾದದ್ದು ಏನೂ ಇಲ್ಲ.

ಇಪ್ಪತ್ತಮೂರು ದಿನ ಉಳಿದಿದೆ.

ಭವಿತಾ


ಪುತ್ತೂರು
4 ಜುಲೈ 2025

ಎಂತ ಬಲ್ಬು ಮಾರಾಯ್ತಿ?

ಈ ಒಂದು ಸಾಲು ಬರೆದು ಕವರು ಮುಚ್ಚಲು ಹೊರಟಿದ್ದೆ. ಆಗ ಹೈದರ್ ಮಾಮ ನಿನ್ನ ಕಾಗದ ಓದಿ ನೆಲದ ಮೇಲೆ ಕೂತುಬಿಟ್ಟರು. ನಗು ನಿಂತ ಮೇಲೆ ಅವರೇ ಹೇಳಿದರು. ಮಳೆಗಾಲದಲ್ಲಿ ಪಸೆ ಹಿಡಿಯಬಾರದು ಎಂದು ಪುಸ್ತಕದ ಕಪಾಟಿನಲ್ಲಿ ಬಲ್ಬು ಉರಿಸಿಡುತ್ತಾರಲ್ಲ, ನಿನ್ನ ಅಪ್ಪ ಅದನ್ನೇ ಕಂಪ್ಯೂಟರಿಗೂ ಮಾಡಿದ್ದಾರೆ ಅಂತ. "ಚನಿಯಪ್ಪಣ್ಣನ ಬುದ್ಧಿಗೆ ತಪ್ಪಿಲ್ಲ. ಆದ್ರೆ ಇದು ನಾಯಿಗೆ ಕಂಬಳಿ ಹೊದಿಸಿ ಓಡು ಅಂದ ಹಾಗೆ ಆಯ್ತು" ಎಂದರು.

ಎಷ್ಟು ವಾಟಿನದು? ನಲವತ್ತಾ? ಹಗಲು ರಾತ್ರಿ ಉರಿಯುತ್ತದಾ? ಅದನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡು ಓವರ್‌ಕ್ಲಾಕ್ ಮಾಡಲು ಹೊರಟವಳು ಈ ಮೂರು ತಾಲೂಕಿನಲ್ಲಿ ನೀನೊಬ್ಬಳೇ. ಅಪ್ಪನಿಗೆ ಬೇಜಾರು ಮಾಡಬೇಡ. ಯಂತ್ರ ಆಫ್ ಇರುವಾಗ ಬಲ್ಬು ಆನ್, ಯಂತ್ರ ಆನ್ ಇರುವಾಗ ಬಲ್ಬು ಆಫ್. ಎರಡನ್ನೂ ಅವರಿಗೇ ವಹಿಸು. ಇರುವೆಗಳಿಗೂ ಒಂದು ದಾರಿ ನೋಡು.

ಈಗ ಲೆಕ್ಕ. ಎಲ್ಲ ಸರಿಯಾಗಿ ನೀನು 40ಕ್ಕೆ ಏರಿಸಿದರೂ ಆರು ಗಂಟೆ ಹತ್ತು ನಿಮಿಷದ ಕೆಲಸ ಐದು ಗಂಟೆಗೆ ಇಳಿಯುತ್ತದೆ, ಅಷ್ಟೇ. ನಿಮ್ಮ ಕರೆಂಟು ನಾಲ್ಕು ಗಂಟೆಯದ್ದು. ಸಾಲುವುದಿಲ್ಲ. ಪೆನ್ ಡ್ರೈವ್ ಕಳಿಸುವುದಿಲ್ಲ ಎಂದಾದರೆ ಚಿತ್ರವನ್ನು ತುಂಡು ಮಾಡಿ ಒಂದೊಂದನ್ನೇ ರೆಂಡರ್ ಮಾಡಿ, ಕೊನೆಗೆ ಅಂಟಿಸಬಹುದು. ಯಾವ ತುಂಡಿನಲ್ಲಿ ಏನಿದೆ, ಎಷ್ಟು ನಿಮಿಷ ಎಂದು ಬರೆದು ಕಳಿಸು. ಎಲ್ಲಿ ಕತ್ತರಿಸುವುದು ಎಂದು ಹೇಳುತ್ತೇನೆ.

ಹೊಟ್ಟೆ ಹಿಡಿದುಕೊಂಡು,
ಮುಹ್ಸಿನಾ


ರಾಮಕುಂಜ
8 ಜುಲೈ 2025

ಮುಹ್ಸಿನಾ,

ನಲವತ್ತು ವಾಟಿನದ್ದೇ. ಜೂನ್ ಒಂದರಿಂದ ಉರಿಯುತ್ತಿತ್ತು. ದಿನಾ ನೋಡಿ ನೋಡಿ ಅದು ಪೆಟ್ಟಿಗೆಯದ್ದೇ ಒಂದು ಭಾಗ ಎಂಬಷ್ಟು ರೂಢಿಯಾಗಿತ್ತು. ಕಂಪನಿಯ ಮೇಲೆ ನಾನು ಮಾಡಿದ ಆರೋಪಗಳಲ್ಲಿ ಇದೊಂದನ್ನು ಹಿಂದಕ್ಕೆ ಪಡೆಯುತ್ತೇನೆ.

ಬಲ್ಬು ಆರಿಸಿದ ಮೇಲೆ ಸುಮ್ಮನೆ ಕೂತಾಗ 42. ಏರಿಸುತ್ತಾ ಹೋದೆ. 40ರಲ್ಲಿ ಎರಡು ಗಂಟೆ ಓಡಿತು, 79 ಡಿಗ್ರಿ, ಒಂದು ತೊಡಕೂ ಇಲ್ಲ. ನಾನು ಕುಣಿದೆ. ಅಪ್ಪ ಈಗ ಸ್ವಿಚ್ಚಿನ ಬಳಿ ಕುರ್ಚಿ ಹಾಕಿ ಕೂರುತ್ತಾರೆ. "ಈಗ ನಿನ್ನದಾ, ನನ್ನದಾ?" ಎಂದು ಕೇಳಿಯೇ ಒತ್ತುವುದು.

ತುಂಡುಗಳ ಪಟ್ಟಿ ಇದು. ಒಂದು, ಶೀರ್ಷಿಕೆ ಮತ್ತು ರಸ್ತೆ, 2 ನಿಮಿಷ. ಎರಡು, ನನ್ನ ಪ್ರಸ್ತಾವನೆ, 9. ಮೂರು, ಯಶಸ್ವಿಯ ಮಾತು, 3. ನಾಲ್ಕು, ಸಾರಿಗೆ ಮತ್ತು ಸಮಾನತೆಯ ಬಗ್ಗೆ ನನ್ನ ವಿಶ್ಲೇಷಣೆ, 11. ಐದು, ಯಶಸ್ವಿಯ ಕ್ಲಾಸಿನ ಶಹನಾ ಮತ್ತು ಇನ್ನಿಬ್ಬರು ಹುಡುಗಿಯರು ಮುಖ್ಯರಸ್ತೆಯಿಂದ ಮನೆಗೆ ನಡೆಯುವುದು, 5. ಆರು, ಯಶಸ್ವಿಯ ಅಜ್ಜ, 2. ಏಳು, ಇತರೆ, 4. ಎಂಟು, ನನ್ನ ಕರೆ, 7.

ಎಲ್ಲಿ ಕತ್ತರಿಸಲಿ?

ಭವಿತಾ


ಪುತ್ತೂರು
10 ಜುಲೈ 2025

ಏಳನೆಯ ತುಂಡಿನಲ್ಲಿ ಏನಿದೆ?

ಮುಹ್ಸಿನಾ


ರಾಮಕುಂಜ
17 ಜುಲೈ 2025

ಮುಹ್ಸಿನಾ,

ಒಂದು ವಾರದಿಂದ ಗಿರಿಧರಣ್ಣ ಬಸ್ಸು ನಿಲ್ಲಿಸಿ ಹಾರ್ನು ಹಾಕಿಸುತ್ತಾರೆ, "ಕಾಗದ ಇಲ್ವಾ?" ಎಂದು. ನಾನು ಜಗಲಿಯಿಂದಲೇ ತಲೆ ಆಡಿಸುತ್ತೇನೆ. ಇವತ್ತು ಕೊಡುತ್ತಿದ್ದೇನೆ.

ಏಳನೆಯ ತುಂಡಿನಲ್ಲಿ ಇರುವುದು ನೀನು. ಕಾಲೇಜಿನ ಮೆಟ್ಟಿಲ ಮೇಲೆ ನಾವಿಬ್ಬರೂ ತೆಗೆಸಿಕೊಂಡ ಫೋಟೋ. ನಿನ್ನ ಮುಖವನ್ನು ಮಸುಕು ಮಾಡಿದ್ದೇನೆ. ಅದರ ಮೇಲೆ ನನ್ನ ಧ್ವನಿ: "ನನ್ನ ಗೆಳತಿಯೊಬ್ಬಳನ್ನು ಮನೆಯವರು ಕಾಲೇಜು ಬಿಡಿಸಿ ಅಂಗಡಿಯ ಮೂಲೆಯಲ್ಲಿ ಕೂರಿಸಿದರು." ಕರಪತ್ರದ ಅದೇ ವಾಕ್ಯ.

ಪೆನ್ ಡ್ರೈವ್ ಕಳಿಸದಿದ್ದದ್ದು ತತ್ತ್ವಕ್ಕಲ್ಲ. ಕಳಿಸಿದರೆ ನೀನು ನೋಡುತ್ತಿದ್ದೆ. ಒಂದು ಪ್ರೊಸೆಸರನ್ನು ಸುಟ್ಟುಹೋಗುವಷ್ಟು ಬಿಸಿ ಮಾಡಿದೆನಲ್ಲ, ಅಷ್ಟೂ ಈ ನಾಲ್ಕು ನಿಮಿಷವನ್ನು ನಿನ್ನಿಂದ ಅಡಗಿಸಲಿಕ್ಕೆ. ಅಷ್ಟು ಅಡಗಿಸಬೇಕಾದದ್ದನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ತೋರಿಸಲು ನಾನು ತಯಾರಿದ್ದೆ ಎಂಬುದು ನಿನ್ನ ಒಂದು ಸಾಲಿನ ಕಾಗದ ಓದಿದ ಮೇಲೆ ಹೊಳೆಯಿತು.

ಮೊನ್ನೆ ಅಮ್ಮ ಅದನ್ನು ನೋಡಿದರು. "ಅವಳತ್ರ ಕೇಳಿ ಹಾಕಿದ್ದಾ ಇದನ್ನು?" ಎಂದರು. ಇಂಥ ವಿಷಯದಲ್ಲಿ ಕೇಳುತ್ತಾ ಕೂರಲು ಆಗುವುದಿಲ್ಲ ಎಂದೆ. "ಹಾಗಾದ್ರೆ ಬಸ್ಸಿನವರು ನಿಮ್ಮತ್ರ ಕೇಳದೆ ಬಸ್ಸು ನಿಲ್ಲಿಸಿದ್ರು ಅಂತ ನೀನು ಯಾಕೆ ಕುಣಿಯುದು?" ಎಂದು ಹೇಳಿ ಒಳಗೆ ಹೋದರು. ಆಮೇಲೆ ಇದಕ್ಕೆ ಉತ್ತರವನ್ನು ನನ್ನ ಹೊತ್ತಗೆಗಳಲ್ಲೆಲ್ಲ ಹುಡುಕಿದೆ.

ಆ ತುಂಡನ್ನು ಅಳಿಸಿದ್ದೇನೆ. ಗ್ರಾಮಸಭೆಗೆ ಎಂಟು ದಿನ. ನೀನು ಉತ್ತರ ಬರೆಯಲೇಬೇಕು ಎಂದಿಲ್ಲ.

ಭವಿತಾ


ಪುತ್ತೂರು
19 ಜುಲೈ 2025

ಭವಿತಾ,

ನೀನು ಒಮ್ಮೆಯೂ ಕೇಳಲಿಲ್ಲ, ಆದ್ದರಿಂದ ಈಗ ಹೇಳುತ್ತೇನೆ. ಕಾಲೇಜು ಬಿಟ್ಟದ್ದು ನಾನು. ರಸಾಯನಶಾಸ್ತ್ರದಲ್ಲಿ ಎರಡು ಸಲ ಫೇಲಾದೆ, ನಿನಗೆ ಒಂದು ಸಲ ಎಂದು ಸುಳ್ಳು ಹೇಳಿದ್ದೆ. ಮೂರನೆಯ ಸಲ ಬರೆ ಎಂದು ಉಮ್ಮ ಫೀಸಿನ ದುಡ್ಡು ಕೈಗಿಟ್ಟು ನಮ್ಮ ಈಶ್ವರಮಂಗಲದಿಂದ ಬಸ್ಸು ಹತ್ತಿಸಿದರು. ನಾನು ಆ ದುಡ್ಡಿನಲ್ಲಿ ಬೆಸುಗೆ ಹಾಕುವ ಯಂತ್ರ ತೆಗೆದುಕೊಂಡೆ. ಉಮ್ಮ ಎಂಟು ದಿನ ನನ್ನಲ್ಲಿ ಮಾತು ಬಿಟ್ಟರು. ಓದು ಓದು ಎಂದು ನನ್ನ ಬೆನ್ನು ಬಿದ್ದವರು ಅವರೊಬ್ಬರೇ. ಈ ಮೂಲೆಯನ್ನು ನಾನು ಜಗಳ ಮಾಡಿ ಗಳಿಸಿದ್ದು. ಇಲ್ಲಿ ಕಿಟಕಿಯೂ ಉಂಟು.

ನಿನ್ನ ಕರಪತ್ರ ಹಂಚಿದ ಮೇಲೆ ಒಂದು ಮದುವೆ ಮನೆಯಲ್ಲಿ ಯಾರೋ ಕೇಳಿದರು, "ಸಾರಮ್ಮ, ಮಗಳನ್ನು ಕಟ್ಟಿ ಹಾಕಿದ್ದೀರಂತೆ?" ಉಮ್ಮ ಊಟ ಮಾಡದೆ ಎದ್ದು ಬಂದರು. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ನಿನ್ನ ಕರಪತ್ರವನ್ನು ಎರಡು ಸಲ ಓದಿದರು.

ತಪ್ಪೊಪ್ಪಿಗೆ ನನಗೆ ಬೇಡ. ಅದು ಸೇರಬೇಕಾದ ವಿಳಾಸ ನಿನಗೆ ಗೊತ್ತು.

ಈಗ ಕತ್ತರಿ. ಏಳನೆಯದು ಹೋಯಿತು. ಎರಡು, ನಾಲ್ಕು, ಎಂಟು, ಮೂರೂ ನಿನ್ನ ಭಾಷಣ. ಒಟ್ಟು ಇಪ್ಪತ್ತೇಳು ನಿಮಿಷ. ಯಶಸ್ವಿಗೆ ನೀನು ಕೊಟ್ಟದ್ದು ಮೂರು. ಬಸ್ಸು ಬೇಕಾದದ್ದು ಯಾರಿಗೆ? ಮೂರನ್ನೂ ತೆಗೆದರೆ ಉಳಿಯುವುದು ಹನ್ನೆರಡು ನಿಮಿಷ. ಅದು 33ರಲ್ಲಿ ಓಡಿಸಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಯಂತ್ರವನ್ನು ಏರಿಸುವ ಅಗತ್ಯವೇ ಇರಲಿಲ್ಲ. ಬೇಕಾದರೆ 40ರಲ್ಲೇ ಇರಲಿ, ಕಷ್ಟಪಟ್ಟಿದ್ದಿ.

ಮುಹ್ಸಿನಾ


ರಾಮಕುಂಜ
26 ಜುಲೈ 2025

ಮುಹ್ಸಿನಾ,

ಇಪ್ಪತ್ತೇಳು ನಿಮಿಷ ಅಳಿಸುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ. ನಾಲ್ಕನೆಯ ತುಂಡಿನಲ್ಲಿ ಎಷ್ಟು ಒಳ್ಳೆಯ ವಾಕ್ಯಗಳಿದ್ದವು! ಒಂದೇ ಒಂದನ್ನಾದರೂ ಉಳಿಸಲೇ ಎಂದು ಯಶಸ್ವಿಯನ್ನು ಕೇಳಿದೆ. "ಬೇಡ ಅಕ್ಕ" ಎಂದಳು. ಸ್ವಲ್ಪವೂ ಯೋಚಿಸಲಿಲ್ಲ.

ಒಂದು ಗಂಟೆ ಇಪ್ಪತ್ತೈದು ನಿಮಿಷದಲ್ಲಿ ರೆಂಡರ್ ಮುಗಿಯಿತು. ನಿನ್ನೆ ಪಂಚಾಯತಿನ ಗೋಡೆಯ ಮೇಲೆ ತೋರಿಸಿದೆವು. ಬಸ್ಸಿನ ಮಾಲಕರು ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಹುಡುಗಿಯರು ನಡೆಯುವ ಐದು ನಿಮಿಷದಲ್ಲಿ ಮಾತೇ ಇಲ್ಲವಲ್ಲ. ಬ್ಯಾಗು, ಕೊಡೆ, ಆರು ಕಾಲು, ಅಷ್ಟೇ. ಮೂರನೆಯ ನಿಮಿಷಕ್ಕೆ ಮಾಲಕರು ಕುರ್ಚಿಯಲ್ಲಿ ಆಚೀಚೆ ಸರಿದರು. "ಎಷ್ಟು ನಡೆಯುದು ಮಾರಾಯ್ರೆ ಇವರು? ಇನ್ನೂ ಮುಗಿಲಿಲ್ವಾ?" ಹಿಂದಿನಿಂದ ಯಶಸ್ವಿಯ ಅಜ್ಜ ಹೇಳಿದರು, "ಇದು ತೋಡಿನವರೆಗೆ ಆಯ್ತಷ್ಟೆ. ಇನ್ನೂ ಅರ್ಧ ಉಂಟು." ಮಾಲಕರು ಕೈಕಟ್ಟಿದ್ದು ಬಿಟ್ಟರು.

ನಾನು ಎರಡು ಸಲ ಏಳಲು ಹೋದೆ. ಎರಡು ಸಲವೂ ಅಮ್ಮ ನನ್ನ ಶಾಲು ಹಿಡಿದು ಕೂರಿಸಿದರು.

ಆಗಸ್ಟ್ ನಾಲ್ಕರಿಂದ ಸಂಜೆಯ ಬಸ್ಸು ಬರುತ್ತದೆ. ಸದ್ಯಕ್ಕೆ ಎರಡು ತಿಂಗಳು, ಜನ ಹತ್ತಿದರೆ ಮುಂದಕ್ಕೂ. ಅಜ್ಜನ ಅಂಗಿ ಜೇಬಿನಲ್ಲಿ ಟೀಸಿಯ ಅರ್ಜಿ ಬರೆದು ತಯಾರಿತ್ತು, ಗೊತ್ತಾ? ಅದನ್ನು ತೆಗೆದು, ಬೆನ್ನಿಗೆ ಬಸ್ಸಿನ ಸಮಯ ಬರೆದುಕೊಂಡು, ಮಡಚಿ ಮತ್ತೆ ಜೇಬಿಗೆ ಹಾಕಿದರು. ಯಶಸ್ವಿ ನೋಡಿಯೂ ನೋಡದವಳ ಹಾಗೆ ನಿಂತಿದ್ದಳು.

ಇದರ ಜೊತೆ ಪೆನ್ ಡ್ರೈವ್ ಇದೆ. ಬೇರೆ ಒಂದು ಕವರೂ ಇದೆ. ಅದು ನಿನಗಲ್ಲ, ಉಮ್ಮನಿಗೆ. ಏಳು ಸಲ ಬರೆದು ಹರಿದೆ. ಕೊನೆಗೆ ಅರ್ಧ ಪುಟಕ್ಕೆ ಬಂತು. ಅದರಲ್ಲಿ ತತ್ತ್ವ ಏನೂ ಇಲ್ಲ.

ನಿನ್ನ,
ಭವಿತಾ


ಈಶ್ವರಮಂಗಲ
29 ಜುಲೈ 2025

ಭವಿತಾ,

ಇವತ್ತು ಅಂಗಡಿಗೆ ರಜೆ ಹಾಕಿ ಮನೆಯಿಂದ ಬರೆಯುತ್ತಿದ್ದೇನೆ.

ಉಮ್ಮ ನಿನ್ನ ಕಾಗದವನ್ನು ಕನ್ನಡಕ ಹಾಕಿ ಓದಿದರು. ನೀನು ಏನು ಬರೆದಿದ್ದಿ ಎಂದು ನನಗೆ ಗೊತ್ತಿಲ್ಲ. ಮಡಚಿ ಎಲ್ಲಿಟ್ಟರು ಎಂದೂ ಗೊತ್ತಿಲ್ಲ. ಸಂಜೆ ಚಹಾ ಆದ ಮೇಲೆ ಅವರಾಗಿ, "ಅದೆಂತದೋ ಸಿನೆಮಾ ಉಂಟಂತಲ್ಲ, ಹಾಕು" ಎಂದರು.

ಟೀವಿಗೆ ಚುಚ್ಚಿ ಹಾಕಿದೆ. ಹನ್ನೆರಡು ನಿಮಿಷವೂ ಕೂತು ನೋಡಿದರು. ಹುಡುಗಿಯರು ನಡೆಯುವಾಗ, "ಆ ಕಡೆಯವಳಿಗೆ ಚಪ್ಪಲಿ ಕಚ್ತಾ ಉಂಟು, ನೋಡು" ಎಂದರು. ನಾನು ಗಮನಿಸಿರಲಿಲ್ಲ. ನೀನೂ ಗಮನಿಸಿರಲಿಕ್ಕಿಲ್ಲ. ಮುಗಿದ ಮೇಲೂ ಪರದೆಯನ್ನೇ ನೋಡುತ್ತಾ ಕೂತರು.

"ಅವಳೆಲ್ಲಿ?" ಎಂದರು.

ಯಾರು ಎಂದು ಕೇಳಿದೆ.

"ಆ ಹುಡುಗಿ, ಭವಿತಾ. ಮಾತಾಡಲೇ ಇಲ್ಲ ಇದ್ರಲ್ಲಿ?"

ಇಲ್ಲ ಉಮ್ಮ, ಒಂದು ಮಾತೂ ಇಲ್ಲ ಎಂದೆ.

ನನ್ನ ಕಡೆ ತಿರುಗಿ ಕೇಳಿದರು, "ಹುಷಾರಿಲ್ವಾ ಅವಳಿಗೆ?"

ಆದಿತ್ಯವಾರ ಮಧ್ಯಾಹ್ನ ಊಟಕ್ಕೆ ಬಾ. ನೀನು ಹುಷಾರಾಗಿದ್ದಿ ಎಂದು ನಾನು ಎಷ್ಟು ಹೇಳಿದರೂ ಅವರು ನಂಬುತ್ತಿಲ್ಲ.

ಮುಹ್ಸಿನಾ